ಕೊಚ್ಚಿಹೋದ ಕಾಡುದಾರಿಯಲ್ಲಿ ಟ್ರೇಲರ್ ಒಂದು ಬದಿಗೆ ಎಳೆದರೆ: ದೋಷ ಪತ್ತೆಹಚ್ಚುವ ಕ್ರಮ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗದಲ್ಲಿ, ಜಾಂಬೋಟಿಯಿಂದ ಮಲಪ್ರಭೆ ಹುಟ್ಟುವ ಕಣಕುಂಬಿಯವರೆಗೂ, ಆ ಕಡೆ ಹೆಮ್ಮಡಗಾ ದಿಕ್ಕಿನಲ್ಲಿಯೂ, ಜೀಪಿಗೆ ಚಿಕ್ಕ ಟ್ರೇಲರ್ ಕಟ್ಟಿಕೊಂಡು ಕೆಲಸಕ್ಕೆ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಇಲ್ಲಿನ ಜಂಬಿಟ್ಟಿಗೆ ಮಣ್ಣಿನ ದಾರಿಗಳು ಮೇಲಿನ ಪದರವನ್ನು ಕಳೆದುಕೊಂಡು, ಉದ್ದಕ್ಕೂ ಅಡ್ಡಕ್ಕೂ ಕೊರಕಲು ಬಿದ್ದು, ಭತ್ತದ ಕೊಯ್ಲು ಮುಗಿಯುವ ಹೊತ್ತಿಗೂ ಅದೇ ಸ್ಥಿತಿಯಲ್ಲಿ ಇರುತ್ತವೆ. ನಾವು ಒಕ್ಕುವ ಯಂತ್ರವನ್ನು ಹೊತ್ತು ಊರೂರಿಗೆ ಹೊರಡುವುದು ಅದೇ ಹೊತ್ತಿಗೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಒಳಗಿನ ದಾರಿಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ಅಲ್ಲಿ ಗಾಡಿ ಕೆಟ್ಟು ನಿಂತರೆ ನಮಗಷ್ಟೇ ಅಲ್ಲ, ಆ ದಾರಿಯನ್ನೇ ನೆಚ್ಚಿಕೊಂಡ ಊರವರಿಗೂ ಕಾಡಿನ ಪ್ರಾಣಿಗಳಿಗೂ ತೊಂದರೆಯಾಗುವುದರಿಂದ, ದೋಷವನ್ನು ಹೊರಡುವ ಮುಂಚೆಯೇ ಗುರುತಿಸುವುದು ನಮ್ಮ ಹೊಣೆ.

ನನ್ನದು ಒಂದೇ ಆಕ್ಸಲ್ (ಗಾಲಿಗಳನ್ನು ಹೊರುವ ಅಚ್ಚು) ಇರುವ, ಎರಡು ಗಾಲಿಯ ಟ್ರೇಲರ್. ಎರಡೂ ಬದಿಗೆ ಲೀಫ್ ಸ್ಪ್ರಿಂಗ್, ಅಂದರೆ ನಮ್ಮ ಮಿಸ್ತ್ರಿಗಳು ಪಾಟಾ ಎನ್ನುವ ಉಕ್ಕಿನ ಪಟ್ಟಿಗಳ ಕಟ್ಟು, ಮತ್ತು ಮುಂದೆ ಜೀಪಿನ ಹುಕ್ಕಿಗೆ ಸಿಕ್ಕಿಸುವ ಉಕ್ಕಿನ ಬಳೆ ಇದೆ. ಟೈರುಗಳು ಜೀಪಿನವೇ ಅಳತೆಯವು, ಆದ್ದರಿಂದ ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಯಂತ್ರ, ಡೀಸೆಲ್ ಎಂಜಿನ್ ಮತ್ತು ಪಾನಾ, ಜಾಕ್ ಸೇರಿ ಒಟ್ಟು ತೂಕ ಸುಮಾರು 650 ಕೆ.ಜಿ. ಬೇರೆ ಬಗೆಯ ಟ್ರೇಲರ್ ಇದ್ದವರು ಅಂಕಿಗಳನ್ನು ತಮ್ಮ ಗಾಡಿಗೆ ಹೊಂದಿಸಿಕೊಳ್ಳಬೇಕು, ಆದರೆ ಪರೀಕ್ಷೆಯ ಕ್ರಮ ಬದಲಾಗುವುದಿಲ್ಲ.

ಆ ಕ್ರಮದ ತಳಹದಿ ಇಷ್ಟು: ಟ್ರೇಲರಿನಲ್ಲಿ ಗಾಲಿಯ ಕಡೆಯ ಪ್ರತಿಯೊಂದು ಭಾಗವೂ ಜೋಡಿಯಾಗಿದೆ. ಎಡಕ್ಕೊಂದು ಬೇರಿಂಗ್, ಬಲಕ್ಕೊಂದು. ಎಡಕ್ಕೊಂದು ಪಾಟಾ, ಬಲಕ್ಕೊಂದು. ಎರಡೂ ಬದಿ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಕೆಡುವುದು ಬಹಳ ಅಪರೂಪ. ಹೀಗಾಗಿ ಕೆಡದ ಬದಿಯೇ ನಿಮ್ಮ ಅಳತೆಗೋಲಾಗುತ್ತದೆ, ಪುಸ್ತಕದ ಅಂಕಿ ಕೈಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ. ಏನನ್ನು ಮುಟ್ಟಿದರೂ, ಅಳೆದರೂ, ಅಲ್ಲಾಡಿಸಿದರೂ ಎರಡೂ ಬದಿಗೆ ಮಾಡಿ. ಒಂದೇ ಬದಿಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ.

ಮೊದಲ ಪರೀಕ್ಷೆ: ದೋಷ ಜೀಪಿನದೋ, ಟ್ರೇಲರಿನದೋ

ಈ ಪರೀಕ್ಷೆಯನ್ನು ಮಾಡದೆ ನಾನು ಎರಡು ದಿನವನ್ನೂ ಸಾಕಷ್ಟು ಹಣವನ್ನೂ ಕಳೆದಿದ್ದೇನೆ. ಒಂದು ನವೆಂಬರ್‌ನಲ್ಲಿ, ಜಾಂಬೋಟಿಯಿಂದ ಒಳಗಿನ ಒಂದು ಊರಿಗೆ ಹೋಗುವಾಗ, ದಾರಿಗೆ ಅಡ್ಡಲಾಗಿ ಬಿದ್ದಿದ್ದ ಮೊಣಕಾಲುದ್ದದ ಕೊರಕಲನ್ನು ದಾಟಿದ ಮೇಲೆ ಜೀಪು ಎಡಕ್ಕೆ ಎಳೆಯತೊಡಗಿತು. ಸ್ಟೀರಿಂಗ್ ಕೈಯಲ್ಲಿ ಇರುವುದರಿಂದ ಎಳೆತ ನಮಗೆ ತಿಳಿಯುವುದು ಸ್ಟೀರಿಂಗ್‌ನಲ್ಲಿಯೇ, ಆದ್ದರಿಂದ ದೋಷವೂ ಅಲ್ಲಿಯೇ ಇದೆಯೆಂದು ನಂಬಿಬಿಟ್ಟೆ. ಗ್ಯಾರೇಜಿನಲ್ಲಿ ಮುಂದಿನ ಗಾಲಿಗಳ ಅಲೈನ್‌ಮೆಂಟ್ ಮಾಡಿಸಿದ್ದಾಯಿತು, ಸ್ಟೀರಿಂಗನ್ನು ಗಾಲಿಗೆ ಜೋಡಿಸುವ ಟೈ ರಾಡ್ ಎಂಡ್ ಬದಲಾಯಿಸಿದ್ದಾಯಿತು. ಟ್ರೇಲರ್ ಇಲ್ಲದೆ ಡಾಂಬರು ರಸ್ತೆಯಲ್ಲಿ ಓಡಿಸಿ ನೋಡಿದಾಗ ಗಾಡಿ ನೆಟ್ಟಗೆ ಹೋಯಿತು. ಈ ರಿಪೇರಿಗೂ ಮೊದಲು ಟ್ರೇಲರ್ ಬಿಚ್ಚಿ ಓಡಿಸಿದ್ದರೂ ಅದು ನೆಟ್ಟಗೇ ಹೋಗುತ್ತಿತ್ತು ಎಂಬುದು ಆಗ ಹೊಳೆಯಲಿಲ್ಲ. ಮರುದಿನ ಟ್ರೇಲರ್ ಕಟ್ಟಿ ಅದೇ ದಾರಿಗೆ ಇಳಿದ ಕೂಡಲೇ ಮತ್ತೆ ಎಡಕ್ಕೆ ಎಳೆತ.

ಆದ್ದರಿಂದ ಎಳೆತ ಕಂಡ ಕೂಡಲೇ, ಸಮತಟ್ಟಾದ ಜಾಗದಲ್ಲಿ ಟ್ರೇಲರನ್ನು ಬಿಚ್ಚಿ ನಿಲ್ಲಿಸಿ, ಅದೇ ದಾರಿಯ ಅದೇ ತುಣುಕಿನಲ್ಲಿ ಜೀಪನ್ನು ಮಾತ್ರ ಓಡಿಸಿ. ಎಳೆತ ಉಳಿದರೆ ಜೀಪನ್ನು ನೋಡಿ. ಹೋದರೆ ಟ್ರೇಲರ್ ಕಡೆಗೆ ಬನ್ನಿ. ಬೇರೆ ರಸ್ತೆಯಲ್ಲಿ ಮಾಡಿದ ಪರೀಕ್ಷೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಗಾಲಿಗೆ ಹಿಡಿಯಲು ಜಾಡು ಇಲ್ಲದ ನುಣುಪು ರಸ್ತೆಯಲ್ಲಿ ಟ್ರೇಲರಿನ ಕೆಲವು ದೋಷಗಳು ಮಲಗಿಬಿಡುತ್ತವೆ.

ಜಾಡು ಓದುವುದು

ಆ ದಿನ ನನಗೆ ದೋಷವನ್ನು ತೋರಿಸಿಕೊಟ್ಟವರು ಬದುಕಿನುದ್ದಕ್ಕೂ ಎತ್ತಿನ ಗಾಡಿ ಹೊಡೆದಿದ್ದ ಒಬ್ಬ ಹಿರಿಯರು. ನಾನು ಜೀಪಿನ ಕೆಳಗೆ ಮಲಗಿ ಪಾನಾ ತಿರುಗಿಸುತ್ತಿದ್ದಾಗ ಅವರು ನಾವು ಬಂದ ದಾರಿಯನ್ನೇ ನೋಡುತ್ತ ನಿಂತಿದ್ದರು. “ಜೀಪಿಂದೇನೂ ತಪ್ಪಿಲ್ಲೋ ತಮ್ಮಾ. ಹಿಂದಿನ ಗಾಲಿ ಬ್ಯಾರೆ ದಾರಿ ಹಿಡದಾವ ನೋಡು,” ಎಂದರು. ಎದ್ದು ನೋಡಿದೆ. ರಾತ್ರಿಯ ಇಬ್ಬನಿಗೆ ನೆನೆದ ಕೆಂಪು ಮಣ್ಣಿನಲ್ಲಿ ಜೀಪಿನ ಟೈರಿನ ಹೂವು ಅಚ್ಚೊತ್ತಿದಂತೆ ಮೂಡಿತ್ತು. ಟ್ರೇಲರಿನ ಗಾಲಿ ಅದರ ಮೇಲೆ ಹಾದು ಅದನ್ನು ಪೂರ್ತಿಯಾಗಿ ಅಳಿಸಬೇಕಾಗಿತ್ತು, ಆದರೆ ಎಡ ಜಾಡಿನಲ್ಲಿಯೂ ಬಲ ಜಾಡಿನಲ್ಲಿಯೂ ಜೀಪಿನ ಗುರುತಿನ ಬಲ ಅಂಚು ಹಾಗೆಯೇ ಉಳಿದು, ಎಡಕ್ಕೆ ಮೂರು ಬೆರಳಿನಷ್ಟು ಹೊಸ ಅಚ್ಚು ಹೊರಗೆ ಚಾಚಿತ್ತು. ಅಂದರೆ ಇಡೀ ಟ್ರೇಲರ್ ಜೀಪಿನ ಎಡಕ್ಕೆ ಸರಿದು, ಓರೆಯಾಗಿ ಹಿಂಬಾಲಿಸುತ್ತಿತ್ತು.

ಈ ಪರೀಕ್ಷೆಗೆ ಹಣ ಬೇಡ, ಹತ್ಯಾರ ಬೇಡ, ಜಾಗ ಮಾತ್ರ ಸರಿಯಾಗಿರಬೇಕು. ಸುಮಾರು 20 ಮೀಟರ್ ನೇರವಾಗಿರುವ, ಎಡ–ಬಲ ಇಳಿಜಾರಿಲ್ಲದ ಹಸಿ ಮಣ್ಣಿನ ತುಣುಕನ್ನು ಆರಿಸಿ, ನಡಿಗೆಯ ವೇಗದಲ್ಲಿ ದಾಟಿ, ಕೊನೆಯ 10 ಮೀಟರಿನ ಜಾಡನ್ನಷ್ಟೇ ನೋಡಿ. ತಿರುವಿನಲ್ಲಿ ನೋಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ಸರಿಯಾದ ಟ್ರೇಲರ್ ಕೂಡ ತಿರುವಿನ ಒಳಬದಿಯನ್ನು ಕತ್ತರಿಸಿಕೊಂಡೇ ಬರುತ್ತದೆ. ಓರೆ ಇಳಿಜಾರಿನಲ್ಲಿ ಅದು ಕೆಳಬದಿಗೆ ಜಾರುತ್ತದೆ. ಮಳೆ ನಿಂತು ಮಣ್ಣು ಒಣಗಿದ್ದರೆ ಎರಡು ಕೊಡ ನೀರು ಚೆಲ್ಲಿದರೂ ಸಾಕು. ಎರಡೂ ಜಾಡುಗಳು ಒಂದೇ ಬದಿಗೆ, ಒಂದೇ ಅಳತೆಯಷ್ಟು ಸರಿದಿದ್ದರೆ ಆಕ್ಸಲ್ ಓರೆಯಾಗಿದೆ ಎಂದು ತಿಳಿಯಬೇಕು, ಮತ್ತು ಯಾವ ಬದಿಗೆ ಜಾಡು ಸರಿದಿದೆಯೋ ಆ ಬದಿಯ ಗಾಲಿ ತನ್ನ ಸ್ಥಾನಕ್ಕಿಂತ ಹಿಂದಕ್ಕೆ ಹೋಗಿದೆ ಅಥವಾ ಎದುರು ಬದಿಯದು ಮುಂದಕ್ಕೆ ಬಂದಿದೆ. ಒಂದೇ ಜಾಡು ಸರಿದು ಇನ್ನೊಂದು ಸರಿಯಾಗಿದ್ದರೆ ಆಕ್ಸಲ್ ಬಾಗಿರಬಹುದು, ಇಲ್ಲವೇ ಆ ಗಾಲಿಯ ಬೇರಿಂಗ್ ಸಡಿಲವಾಗಿ ಗಾಲಿ ವಾಲಿರಬಹುದು.

ಜಾಡು ತೋರಿಸಿದ್ದನ್ನು ಟೇಪಿನಿಂದ ಖಚಿತಪಡಿಸಿಕೊಳ್ಳಿ. ಮುಂದಿನ ಬಳೆಯ ನಡುಬಿಂದುವಿನಿಂದ ಆಕ್ಸಲ್‌ನ ಎಡ ತುದಿಗೆ ಒಮ್ಮೆ, ಬಲ ತುದಿಗೆ ಒಮ್ಮೆ ಅಳೆಯಬೇಕು. ಬಟ್ಟೆಯ ಟೇಪು ಹಿಗ್ಗುವುದರಿಂದ ಉಕ್ಕಿನ ಟೇಪು ಅಥವಾ ಹಿಗ್ಗದ ತಂತಿಯನ್ನೇ ಬಳಸಿ. ಎರಡು ಅಳತೆಗಳ ನಡುವೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ನಾನು ಅದನ್ನು ಸರಿಪಡಿಸದೆ ಬಿಡುವುದಿಲ್ಲ. ಆ ದಿನ ನನ್ನ ಟ್ರೇಲರಿನಲ್ಲಿ ಎಡಬದಿ 27 ಮಿ.ಮೀ. ಹೆಚ್ಚಿತ್ತು.

ಕಾರಣ ಎಡ ಪಾಟಾದ ಸೆಂಟರ್ ಬೋಲ್ಟ್. ಪಟ್ಟಿಗಳನ್ನೆಲ್ಲ ನಡುವೆ ಪೋಣಿಸಿ ಹಿಡಿಯುವ ಬೆರಳು ಗಾತ್ರದ ಈ ಬೋಲ್ಟಿನ ತಲೆ, ಆಕ್ಸಲ್‌ನ ಪೀಠದ ರಂಧ್ರದಲ್ಲಿ ಕುಳಿತು ಆಕ್ಸಲ್ ಹಿಂದೆ–ಮುಂದೆ ಸರಿಯದಂತೆ ತಡೆಯುತ್ತದೆ. ಪಾಟಾವನ್ನು ಆಕ್ಸಲ್‌ಗೆ ಬಿಗಿಯಾಗಿ ಒತ್ತಿ ಹಿಡಿಯುವುದು ಯು (U) ಆಕಾರದ ಯು ಬೋಲ್ಟುಗಳು. ಯು ಬೋಲ್ಟು ಸ್ವಲ್ಪ ಸಡಿಲವಾದರೂ ಇಡೀ ಪೆಟ್ಟು ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಎಡ ಗಾಲಿ ಕೊರಕಲಿಗೆ ಇಳಿದು ಎದುರಿನ ಅಂಚಿಗೆ ಬಡಿದಾಗ ಬೋಲ್ಟು ಕತ್ತರಿಸಿ, ಆ ಬದಿಯ ಆಕ್ಸಲ್ ಹಿಂದಕ್ಕೆ ಜಾರುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಯು ಬೋಲ್ಟಿನ ಕೆಳಗೆ ಪಾಟಾದ ಮೇಲೆ ಉಜ್ಜಿ ಹೊಳೆಯುವ ಉಕ್ಕಿನ ಗೆರೆಯೊಂದು ಕಂಡರೆ, ಸುತ್ತಲೂ ಕೆಸರು ಮೆತ್ತಿರುವಾಗ ಅಲ್ಲಿ ಮಾತ್ರ ಹೊಳಪು ಏಕೆ ಬಂತೆಂದು ಯೋಚಿಸಬೇಕು. ಆಕ್ಸಲ್ ಅಲ್ಲಿ ಸರಿದಾಡುತ್ತಿದೆ.

ಯು ಬೋಲ್ಟ್ ಬಿಗಿ ಮಾಡಿದರೆ ಮುಗಿಯಿತು ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಆಕ್ಸಲನ್ನು ಜಾಕ್ ಮೇಲೆ ಎತ್ತಿ, ಹೊಸ ಬೋಲ್ಟ್ ಹಾಕಿ, ಯು ಬೋಲ್ಟುಗಳನ್ನೂ ಹೊಸದಾಗಿ ಹಾಕಬೇಕು, ಏಕೆಂದರೆ ಒಮ್ಮೆ ಹಿಗ್ಗಿದ ಯು ಬೋಲ್ಟ್ ಬಿಗಿ ಹಿಡಿದು ನಿಲ್ಲುವುದಿಲ್ಲ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪೀಠದವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಡಿ. ಮೊದಲ 50 ಕಿ.ಮೀ. ಓಡಿದ ಮೇಲೆ ಗೆರೆ ಮುರಿದಿದೆಯೋ ಎಂದು ನೋಡಿ, ಮತ್ತೊಮ್ಮೆ ಬಿಗಿ ಮಾಡಿ. ನಾವು ಎಡಬದಿಯಲ್ಲಿ ಓಡಿಸುವುದರಿಂದ ಎದುರಿನ ಗಾಡಿಗೆ ದಾರಿ ಬಿಡುವಾಗಲೆಲ್ಲ ಕೊರೆದ ಅಂಚಿಗೆ ಇಳಿಯುವುದು ಎಡ ಗಾಲಿಯೇ. ಈ ಭಾಗದಲ್ಲಿ ಎಡ ಪಾಟಾವನ್ನು ಮೊದಲು ನೋಡುವುದು ನನ್ನ ರೂಢಿ.

ಜಾಡು ಸರಿಯಿದ್ದೂ ಎಳೆದರೆ

ಆಗ ಒಂದು ಗಾಲಿ ಇನ್ನೊಂದಕ್ಕಿಂತ ಕಷ್ಟಪಟ್ಟು ಉರುಳುತ್ತಿದೆ. ಟೈರಿನ ಗಾಳಿಯನ್ನು ಮೊದಲು ನೋಡಿ, ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಗೇಜಿನಿಂದಲೇ. ಕಲ್ಲುದಾರಿಗೆ ಗಾಳಿ ಇಳಿಸುವವರು ಎರಡೂ ಬದಿಗೆ ಒಂದೇ ಅಳತೆಗೆ ಇಳಿಸಬೇಕು.

ಗಾಳಿ ಸರಿಯಿದ್ದರೆ ಬೇರಿಂಗಿಗೆ ಬನ್ನಿ. ಸುಮಾರು 10 ಕಿ.ಮೀ. ಓಡಿಸಿ ನಿಂತು, ಅಂಗೈ ಬದಲು ಮೊದಲು ಹಿಂಗೈಯನ್ನು ಹಬ್ಬಿನ, ಅಂದರೆ ಬೇರಿಂಗ್ ಕೂರುವ ಗಾಲಿಯ ನಡುಭಾಗದ, ಹತ್ತಿರ ತಂದು ಬಿಸಿ ನೋಡಿ, ಆಮೇಲೆ ಮುಟ್ಟಿ. ಎರಡೂ ಹಬ್ ಬೆಚ್ಚಗಿರುವುದು ಸಹಜ. ಒಂದರ ಮೇಲೆ ಕೈಯಿಟ್ಟುಕೊಂಡು ಇರಬಹುದು, ಇನ್ನೊಂದರ ಮೇಲೆ ಎರಡು ಕ್ಷಣವೂ ಇಡಲಾಗದು ಎಂದಾದರೆ ದೋಷ ಸಿಕ್ಕಿತು. ಆ ಬದಿಯನ್ನು ಜಾಕ್ ಮೇಲೆ ಎತ್ತಿ ಗಾಲಿಯನ್ನು ತಿರುಗಿಸಿ. ಕಲ್ಲು ಅರೆದಂತೆ ಕರಕರ ಸದ್ದು ಬಂದರೆ ಬೇರಿಂಗ್ ಹಾಳಾಗಿದೆ. ಗಾಲಿಯ ಮೇಲ್ತುದಿ, ಕೆಳತುದಿ ಹಿಡಿದು ಅಲ್ಲಾಡಿಸಿದಾಗ ಟಕ್ ಎಂದರೆ ಸಡಿಲವಾಗಿದೆ. ಸದ್ದೂ ಇಲ್ಲ, ಸಡಿಲವೂ ಇಲ್ಲ, ಆದರೆ ತಿರುಗಿಸಿ ಬಿಟ್ಟ ಗಾಲಿ ಕೂಡಲೇ ನಿಲ್ಲುತ್ತದೆ ಎಂದರೆ ಬ್ರೇಕ್ ಇರುವ ಟ್ರೇಲರಿನಲ್ಲಿ ಬ್ರೇಕ್ ಹಿಡಿದಿದೆ, ಇಲ್ಲದ ಟ್ರೇಲರಿನಲ್ಲಿ ನಟ್ಟನ್ನು ಅತಿಯಾಗಿ ಬಿಗಿ ಮಾಡಲಾಗಿದೆ.

ನಮ್ಮ ಭಾಗದಲ್ಲಿ ಬೇರಿಂಗ್ ಹಾಳಾಗುವುದಕ್ಕೆ ಮುಖ್ಯ ಕಾರಣ ಹಳ್ಳದ ನೀರು, ಮತ್ತು ಅದು ಒಳಹೊಗುವ ರೀತಿಯನ್ನು ತಿಳಿದವರು ಕಡಿಮೆ. ಓಡಿ ಬಿಸಿಯಾದ ಹಬ್ಬಿನೊಳಗಿನ ಗಾಳಿ ಹಿಗ್ಗಿರುತ್ತದೆ. ಅದು ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸವೆದ ಆಯಿಲ್ ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಂದು ಏನೂ ಆಗುವುದಿಲ್ಲ. ಗ್ರೀಸಿನೊಂದಿಗೆ ಬೆರೆತ ನೀರು ವಾರಗಟ್ಟಲೆ ಅಲ್ಲಿಯೇ ನಿಂತು, ಉರುಳೆಗಳ ಮೇಲೆ ತುಕ್ಕಿನ ಚುಕ್ಕಿ ಹುಟ್ಟಿಸಿ, ಆ ಹಳ್ಳವನ್ನು ನೀವು ಮರೆತ ಮೇಲೆ ಸದ್ದು ಮಾಡುತ್ತದೆ. ಹಬ್ಬಿನ ಮುಚ್ಚಳ ತೆಗೆದು ಬೆರಳಲ್ಲಿ ಗ್ರೀಸ್ ತೆಗೆದು ನೋಡಿ: ಮೊಸರು ಕಡೆದಾಗ ಬರುವ ನೊರೆಯಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಹೊರಗಿನಿಂದ ಹೊಸ ಗ್ರೀಸ್ ತುಂಬಿದರೆ ಆ ನೀರು ಹೊರಗೆ ಬರುವುದಿಲ್ಲ. ಬೇರಿಂಗ್ ಹೊರತೆಗೆದು, ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಉರುಳೆಗಳ ಸಂದಿಗೆ ಸೇರುವಂತೆ ಗ್ರೀಸನ್ನು ಅಂಗೈಯಿಂದ ಒತ್ತಿ ತುಂಬಿ, ಸೀಲನ್ನು ಬದಲಾಯಿಸಬೇಕು. ಜೋಡಿಸುವಾಗ ಗಾಲಿಯನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿ ಮಾಡಿ, ಬೇರಿಂಗ್ ಕುಳಿತ ಮೇಲೆ ನಟ್ಟನ್ನು ಸಡಿಲಿಸಿ, ಮತ್ತೆ ಬೆರಳಲ್ಲಿ ತಿರುಗುವಷ್ಟೇ ಬಿಗಿ ಮಾಡಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಎತ್ತಿನ ಗಾಡಿಗೆ ಗಾಲಿ ಕಳಚದಂತೆ ತಡೆಯುವ ಕಡಾಣಿ ಹೇಗೋ ಇದಕ್ಕೆ ಈ ಪಿನ್ ಹಾಗೆ. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬಾರದು.

ಹಳ್ಳಕ್ಕೆ ಇಳಿಯುವ ಮುಂಚೆ ಹತ್ತು–ಹದಿನೈದು ನಿಮಿಷ ನಿಂತು ಹಬ್ ಆರಲು ಬಿಟ್ಟರೆ ಈ ಕೆಲಸವೆಲ್ಲ ತಪ್ಪುತ್ತದೆ. ಆ ಹೊತ್ತಿನಲ್ಲಿ ಕೋಲು ಹಿಡಿದು ನೀರಿನ ಆಳ ನೋಡಿ. ಕೆಂಪು ನೀರು ರಭಸದಿಂದ ಹರಿಯುತ್ತ, ತಳ ಕಾಣದೆ, ಮೊಣಕಾಲು ಮುಟ್ಟುವಂತಿದ್ದರೆ ಅಲ್ಲಿ ಇಳಿಯಬಾರದು, ಕಾಲಿನಲ್ಲಿಯೂ ಇಳಿಯಬಾರದು, ಗಾಡಿಯಲ್ಲಿಯೂ ಇಳಿಯಬಾರದು.

ಬಾಲ ಬೀಸುವ ದೋಷ

ಕಾಡುದಾರಿಯಲ್ಲಿ ಸುಮ್ಮನಿದ್ದ ಟ್ರೇಲರ್ ಡಾಂಬರು ರಸ್ತೆಗೆ ಬಂದು ವೇಗ ಹೆಚ್ಚಿದ ಕೂಡಲೇ ಎಡಕ್ಕೂ ಬಲಕ್ಕೂ ತೂಗತೊಡಗಿದರೆ, ಮೊದಲು ಹೊರೆ ಇಟ್ಟ ಜಾಗವನ್ನು ನೋಡಿ. ಇದನ್ನು ನಮ್ಮ ಗಾಡಿಯವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ: ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ಗಾಡಿಯ ಮುಂದಿನ ದಂಡವಾದ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳಿಗೆ ಬಿಗಿಯುತ್ತದೆ. ಜೀಪಿಗೆ ಕೊರಳಿಲ್ಲದ ಕಾರಣ ಹಿಂಭಾರ ನಮಗೆ ತಿಳಿಯುವುದಿಲ್ಲ. ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಹುಕ್ಕಿನ ಮೇಲೆ ಬೀಳಬೇಕು. ನನ್ನ 650 ಕೆ.ಜಿ.ಗೆ ಅದು ಸುಮಾರು 65ರಿಂದ 100 ಕೆ.ಜಿ. ಮನೆಯಲ್ಲಿ ತೂಕ ನೋಡುವ ಯಂತ್ರವನ್ನು ಸಮನೆಲದಲ್ಲಿಟ್ಟು, ಅದರ ಮೇಲೆ ಗಟ್ಟಿಯಾದ ಮರದ ತುಂಡು ನಿಲ್ಲಿಸಿ, ಬಳೆಯು ಜೀಪಿನ ಹುಕ್ಕಿನಷ್ಟೇ ಎತ್ತರದಲ್ಲಿ ಕೂರುವಂತೆ ಮಾಡಿ ತೂಗಿ. ಇಳಿಸಲು ಸುಲಭವೆಂದು ಡೀಸೆಲ್ ಎಂಜಿನ್ನನ್ನು ಹಿಂಬಾಗಿಲ ಬಳಿ ಇಡುವ ಅಭ್ಯಾಸ ನನ್ನಲ್ಲಿಯೂ ಇತ್ತು. ಅದನ್ನು ಆಕ್ಸಲ್‌ಗಿಂತ ಒಂದು ಮೊಳ ಮುಂದೆ ತಂದು ಕಟ್ಟಿದ ಮೇಲೆ ತೂಗಾಟ ನಿಂತಿತು. ಅರ್ಧ ತುಂಬಿದ ನೀರಿನ ಡ್ರಮ್ಮನ್ನು ಟ್ರೇಲರಿನಲ್ಲಿ ಒಯ್ಯಬೇಡಿ. ಪೂರ್ತಿ ತುಂಬಿ, ಇಲ್ಲವೇ ಖಾಲಿ ಒಯ್ಯಿರಿ.

ತೂಗತೊಡಗಿದಾಗ ಬ್ರೇಕ್ ಒತ್ತಿ ಹಿಡಿಯಬಾರದು, ವೇಗ ಹೆಚ್ಚಿಸಲೂಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೆಟ್ಟಗೆ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು.

ಸದ್ದು, ಬಿರುಕು, ದೀಪ

ಹೊರಡುವಾಗ ಒಮ್ಮೆ, ನಿಲ್ಲುವಾಗ ಒಮ್ಮೆ ಢಣ್ ಎಂದರೆ ಬಳೆ ಅಥವಾ ಹುಕ್ಕು ಸವೆದಿದೆ. ಪ್ರತಿ ಕುಣಿಗೂ ಸದ್ದು ಬಂದರೆ ಪಾಟಾದ ತುದಿಯ ಬುಷ್ಷುಗಳನ್ನು ನೋಡಿ. ಇವೆರಡೂ ಸಲೀಸಾದ ಕೆಲಸಗಳು. ಸದ್ದೇ ಮಾಡದ ದೋಷ ಹೆಚ್ಚು ಅಪಾಯದ್ದು: ಮುಂದಿನ ಉದ್ದನೆಯ ದಂಡವು ಚೌಕಟ್ಟಿಗೆ ಸೇರುವಲ್ಲಿ ಬೆಸುಗೆಯ ಅಂಚಿನಲ್ಲಿ ಹುಟ್ಟುವ ಬಿರುಕು. ಗಾಡಿ ತೊಳೆದು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ, ಬಣ್ಣದ ಮೇಲೆ ಕೂದಲೆಳೆಯಷ್ಟು ತೆಳುವಾದ ತುಕ್ಕಿನ ಗೆರೆ ಒಸರಿರುತ್ತದೆ. ಅದರ ಮೇಲೆ ಮತ್ತೊಂದು ಪದರ ಬೆಸುಗೆ ಹಾಕಿಸಿದರೆ ಬಿರುಕು ಒಳಗೇ ಉಳಿಯುತ್ತದೆ. ಬಿರುಕನ್ನು ಬುಡದವರೆಗೆ ಗ್ರೈಂಡರಿನಿಂದ ಕೊರೆದು ತೆಗೆದು, ಆಮೇಲೆ ಬೆಸುಗೆ ತುಂಬಿಸಿ, ಪಕ್ಕಕ್ಕೆ ಪಟ್ಟಿ ಕೊಡಿಸಬೇಕು. ಸುರಕ್ಷತಾ ಸರಪಳಿಗಳೆರಡನ್ನೂ ದಂಡದ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಕಟ್ಟಿ. ಬಳೆ ಕಳಚಿದರೆ ದಂಡ ನೆಲಕ್ಕೆ ನಾಟದೆ ಸರಪಳಿಗಳ ಮೇಲೆ ಕೂರುತ್ತದೆ.

ಹಿಂದಿನ ದೀಪಗಳು ಮಂಕಾಗಿ ಉರಿದರೆ, ಅಥವಾ ಇಂಡಿಕೇಟರ್ ಹಾಕಿದಾಗ ಬ್ರೇಕ್ ದೀಪವೂ ಮಿಣುಕಿದರೆ, ಬಲ್ಬ್ ಬದಲಾಯಿಸುವ ಮೊದಲು ಅರ್ಥಿಂಗ್ ನೋಡಿ. ಜೀಪಿನ ಬ್ಯಾಟರಿಯ ನೆಗೆಟಿವ್‌ನಿಂದ ಒಂದು ಉದ್ದನೆಯ ತಂತಿಯನ್ನು ಟ್ರೇಲರಿನ ಚೌಕಟ್ಟಿನ ಬಣ್ಣ ಕೆರೆದ ಜಾಗಕ್ಕೆ ಮುಟ್ಟಿಸಿದಾಗ ದೀಪಗಳು ಸರಿಯಾದರೆ, ತುಕ್ಕು ಹಿಡಿದ ಅರ್ಥ್ ತಂತಿಯೇ ಕಾರಣ.

ಕೊರಕಲು ದಾಟುವಾಗ

ಜೀಪು ಒಂದೇ ಇದ್ದಾಗ ಅಡ್ಡ ಕೊರಕಲನ್ನು ಓರೆಯಾಗಿ ದಾಟುವುದು ಸರಿ, ಮೂರು ಗಾಲಿ ನೆಲದ ಮೇಲೆ ಉಳಿಯುತ್ತವೆ. ಟ್ರೇಲರ್ ಇದ್ದಾಗ ಹಾಗೆ ಮಾಡಿದರೆ ಅದರ ಒಂದೇ ಗಾಲಿ ಮೊದಲು ಬಿದ್ದು, ಪೂರ್ತಿ ಪೆಟ್ಟು ಒಂದೇ ಪಾಟಾದ ಮೇಲೆ ಬೀಳುತ್ತದೆ, ಹುಕ್ಕು ತಿರುಚಿಕೊಳ್ಳುತ್ತದೆ. ನನ್ನ ಸೆಂಟರ್ ಬೋಲ್ಟ್ ತುಂಡಾದದ್ದು ಹಾಗೆಯೇ. ಕೊರಕಲಿಗೆ ಕಲ್ಲು ತುಂಬಿ, ಸಾಧ್ಯವಾದಷ್ಟು ನೇರವಾಗಿ, ಎರಡೂ ಗಾಲಿ ಒಟ್ಟಿಗೆ ಇಳಿದು ಒಟ್ಟಿಗೆ ಏರುವಂತೆ, ನಡಿಗೆಗಿಂತ ನಿಧಾನವಾಗಿ ದಾಟಬೇಕು. ಹೊರ ಅಂಚಿನ ಕೆಳಗೆ ನೀರು ಮಣ್ಣು ಕೊರೆದು ಪೊಳ್ಳು ಮಾಡಿರುವ ಕಡೆ ಮೇಲಿನಿಂದ ರಸ್ತೆ ಗಟ್ಟಿಯಾಗಿಯೇ ಕಾಣುತ್ತದೆ, ಆದ್ದರಿಂದ ಇಳಿದು, ಅಂಚಿನಿಂದ ದೂರ ನಿಂತು, ಪಕ್ಕದಿಂದ ಬಗ್ಗಿ ನೋಡಿ.

ದೋಷ ಕಂಡು, ಟ್ರೇಲರನ್ನು ಅಲ್ಲಿಯೇ ಬಿಟ್ಟು ಹೋಗುವುದು ಅನಿವಾರ್ಯವಾದರೆ, ಬಿಚ್ಚುವ ಕ್ರಮವನ್ನು ತಪ್ಪಿಸಬೇಡಿ. ಮೊದಲು ಎರಡೂ ಗಾಲಿಗಳಿಗೆ ಇಳಿಜಾರಿನ ಕೆಳಬದಿಯಿಂದ ಕಲ್ಲು ಕೊಟ್ಟು, ಟ್ರೇಲರಿನ ಭಾರ ಆ ಕಲ್ಲುಗಳ ಮೇಲೆ ಕೂರುವಂತೆ ಜೀಪನ್ನು ಒಂದು ಗೇಣು ಸರಿಸಿ, ಮೇಲ್ಬದಿಗೂ ಕಲ್ಲು ಕೊಡಿ. ಆಮೇಲೆ ಮುಂದಿನ ಊರೆಗಾಲು ಇಳಿಸಿ, ಅದರ ಕೆಳಗೆ ಹಲಗೆಯ ತುಂಡು ಇಟ್ಟು, ಹುಕ್ಕು ತೆಗೆಯಿರಿ. ಸರಪಳಿಯನ್ನು ಎಲ್ಲಕ್ಕಿಂತ ಕೊನೆಗೆ ಬಿಚ್ಚಿ.